ಕೋಡಿನ ಬಣ್ಣದ ಕಾರು

ನಮ್ಮ ಮನೆಯವರು ಸೇರಿದಲ್ಲೆಲ್ಲ ಆ ಮಾತು ಬಂದೇ ಬರುತ್ತದೆ. ಮದುವೆಯಾಗಲಿ ಕುಬಸವಾಗಲಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕಾಲು ಚಾಚಿ ಕೂತರೆಂದರೆ ಸಾಕು, ದೊಡ್ಡಪ್ಪನ ಮಗ ನನ್ನ ಬೆನ್ನಿಗೊಂದು ಬಡಿದು, "ನಿನ್ನ ಕುಂಟೆತ್ತು ಮಾಡಿ ಓಣಿ ತುಂಬ ತಿರಗಸ್ತಿದ್ವಿ, ನೆನಪೈತೇನ್ಲೇ? ಏನ್ ಮಜಾ ಇತ್ತಪಾ ಆಗ" ಅನ್ನುತ್ತಾನೆ. ಸುತ್ತ ಕೂತವರು ನಗುತ್ತಾರೆ. ಹೊಸದಾಗಿ ಮನೆಗೆ ಬಂದ ಸೊಸೆಯಂದಿರು ಏನದು ಎಂದು ಕೇಳುತ್ತಾರೆ. ಅವನು ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ನೆನಪೈತಿ ಅನ್ನುತ್ತೇನೆ ನಾನು, ಮುಖ ಆಚೆ ತಿರುಗಿಸಿ. ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಕಾರಿನ ಸುದ್ದಿ ಮಾತ್ರ ಬಿಟ್ಟುಬಿಡುತ್ತಾನೆ. ಅದನ್ನು ನಾನು ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಕುಂಟೆತ್ತು ಅಂದರೇನೆಂದು ಮೊದಲು ಹೇಳಬೇಕು. ನಮ್ಮ ಬೈಲಹೊಂಗಲದ ಕಡೆ ಕಾರಹುಣ್ಣಿಮೆ ಮುಗಿದ ಮೇಲೆ ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಮಣ್ಣೆತ್ತಿನ ಅಮಾಸಿ ಅಂತ ಅದರ ಹೆಸರು. ಮರುದಿನ ಓಣಿಯ ಹುಡುಗರು ಒಂದು ಎತ್ತಿನ ಕಾಲು ಮುರಿದು, ಅದನ್ನು ಕೂಡುವ ಮಣೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆ ಎಂದು ಕೂಗುತ್ತ ಮನೆಮನೆಗೆ ಹೋಗುತ್ತಾರೆ. ಹೆಂಗಸರು ಎತ್ತಿಗೆ ಕುಂಕುಮ ಹಚ್ಚಿ ಜೋಳ ನೀಡುತ್ತಾರೆ. ಆ ಜೋಳವನ್ನು ಅಂಗಡಿಗೆ ಹಾಕಿ ಹುಡುಗರು ಚುರಮುರಿ, ಭಜಿ ತಿನ್ನುತ್ತಾರೆ. ಎತ್ತನ್ನು ಕೊನೆಗೆ ಹಾಳು ಬಾವಿಗೆ ಒಗೆಯುತ್ತಾರೆ. ಇದರಲ್ಲಿ ಕೆಟ್ಟದ್ದೇನಿಲ್ಲ, ಸುತ್ತಲಿನ ಎಲ್ಲ ಊರಲ್ಲೂ ಮಾಡುತ್ತಾರೆ. ನಮ್ಮ ಓಣಿಯಲ್ಲಿ ಮಾತ್ರ ಕಾಲು ಮುರಿದ ಮಣ್ಣಿನ ಎತ್ತು ಬೇಕಾಗಿರಲಿಲ್ಲ. ನಾನಿದ್ದೆ.

ಸಣ್ಣ ಕೂಸಿದ್ದಾಗ ಜ್ವರ ಬಂದು ನನ್ನ ಎಡಗಾಲು ಕಡ್ಡಿಯಾಗಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಕಬ್ಬಿಣದ ಪಟ್ಟಿ, ಚರ್ಮದ ಬಕಲು, ಬೂಟು ಎಲ್ಲ ಸೇರಿಸಿ ಒಂದು ಕ್ಯಾಲಿಪರ್ ಮಾಡಿಕೊಟ್ಟಿದ್ದರು. ಅದನ್ನು ಬಿಗಿದುಕೊಂಡರೆ ಖಟಕ್ ಖಟಕ್ ಎಂದು ನಡೆಯುತ್ತಿದ್ದೆ. ಬಿಚ್ಚಿದರೆ ಕೈಯೂರಿ ತೆವಳಬೇಕು. ಎತ್ತಿಗೆಲ್ಲಿಯ ಬೂಟು ಎಂದು ಅಣ್ಣ ಮೊದಲು ಅದನ್ನೇ ಬಿಚ್ಚುತ್ತಿದ್ದ. ಅಣ್ಣ ಅಂದರೆ ಈ ದೊಡ್ಡಪ್ಪನ ಮಗನೇ. ನನಗಿಂತ ಮೂರು ವರ್ಷ ದೊಡ್ಡವನು, ಮನೆಯ ಮೊದಲ ಮೊಮ್ಮಗ. ಅವನು ಕೆಮ್ಮಿದರೆ ಮನೆಯೆಲ್ಲ ಓಡಿ ಬರುತ್ತಿತ್ತು. ನನ್ನ ಕೊರಳಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಗಂಟೆ ಕಟ್ಟಿ, ಬೆನ್ನ ಮೇಲೆ ಹರಕು ಗೋಣಿ ಹೊದಿಸಿ, ಕೈ ಮತ್ತು ಮೊಣಕಾಲ ಮೇಲೆ ಓಣಿ ತುಂಬ ನಡೆಸುತ್ತಿದ್ದ. ಹೆಂಗಸರು ಬಾಗಿಲಿಗೆ ಬಂದು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ನಕ್ಕು ನನ್ನ ಹಣೆಗೆ ಕುಂಕುಮ ಹಚ್ಚುತ್ತಿದ್ದರು. ಮಣ್ಣಿನ ಎತ್ತಿಗಾದರೆ ಒಂದು ಬೊಗಸೆ ಜೋಳ, ನನಗೆ ಮೊರದ ತುಂಬ. "ಖರೇ ಕುಂಟನ ಅದಾನಲ್ಲವಾ, ಇವಂಗ ನೀಡಿದ್ರ ಪುಣ್ಯಾ ಬರತೈತಿ" ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದಳು, ನಾನು ಕಿವುಡನೂ ಹೌದೆನ್ನುವ ಹಾಗೆ.

ನಮ್ಮ ಮನೆಯ ಬಾಗಿಲಿಗೆ ಬಂದಾಗ ಜೋಳ ನೀಡುವವಳು ಆಯಿ, ಅಪ್ಪನ ತಾಯಿ. ಅವಳ ಹಿಂದೆ ಅವ್ವ ನಿಂತಿರುತ್ತಿದ್ದಳು. ಅವಳು ನಗುತ್ತಿರಲಿಲ್ಲ, ಅಳುತ್ತಿರಲೂ ಇಲ್ಲ. ಅವ್ವ ಸುರೇಬಾನದ ಬಡ ಮನೆಯಿಂದ ಬಂದವಳು, ಈ ಮನೆಯ ಕಿರಿ ಸೊಸೆ. ಅಪ್ಪ ಸವದತ್ತಿಯಲ್ಲಿ ದೊಡ್ಡಪ್ಪನ ಅಂಗಡಿ ನೋಡಿಕೊಂಡಿದ್ದ. ಅಮಾವಾಸ್ಯೆ ಹುಣ್ಣಿಮೆಗೆ ದೇವಿಯ ಗುಡ್ಡಕ್ಕೆ ಬರುವ ಮಂದಿಯ ವ್ಯಾಪಾರ ಬಿಟ್ಟು ಅವನು ಬರುವಂತಿರಲಿಲ್ಲ, ಬಂದರೂ ತನ್ನ ಅಣ್ಣನೆದುರು ಅವನ ಬಾಯಿ ಏಳುತ್ತಿರಲಿಲ್ಲ. ಒಮ್ಮೆ ಅವ್ವ ಹೇಗೋ ಧೈರ್ಯ ಮಾಡಿ, ಹುಡುಗನ ಮೊಣಕಾಲು ರಕ್ತವಾಗಿವೆ ಎಂದು ಆಯಿಗೆ ಹೇಳಿದಳು. "ಹುಡುಗರ ಆಟಾ ಅದು. ಅದಕ್ಕ್ಯಾಕ ಇಷ್ಟ್ ಮನಸಿಗೆ ಹಚಗೋತಿ?" ಎಂದಳು ಆಯಿ. ಅಲ್ಲಿಗೆ ಆ ಮಾತು ಮುಗಿಯಿತು.

ಸಣ್ಣವನಿದ್ದಾಗ ನನಗೂ ಅದು ಆಟವೇ ಆಗಿತ್ತೋ ಏನೋ. ಬೆಳೆದ ಹಾಗೆ ಮೈ ಉರಿಯತೊಡಗಿತು. ಒಂದು ವರ್ಷ ಓಣಿಯ ತುದಿಯ ಮನೆಗೆ ಹೋದಾಗ, ನನ್ನ ತರಗತಿಯಲ್ಲೇ ಕಲಿಯುವ ಹುಡುಗಿ ಅವಳ ತಾಯಿಯ ಹಿಂದೆ ನಿಂತಿದ್ದಳು. ಮರುದಿನ ಸಾಲೆಯಲ್ಲಿ ಎಲ್ಲರೆದುರು, "ಮಣಕಾಲ ನೋವ ಅದಾವೇನು?" ಎಂದು ಕೇಳಿದಳು. ಕನಿಕರದಿಂದಲೇ ಕೇಳಿದ್ದಳು. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಇನ್ನೊಮ್ಮೆ ಎತ್ತಾಗುವುದಿಲ್ಲ, ಕೊಂದರೂ ಆಗುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ. ಹೇಗೆ ತಪ್ಪಿಸಿಕೊಳ್ಳುವುದೆಂದು ಮಾತ್ರ ಗೊತ್ತಿರಲಿಲ್ಲ.

ಮುಂದಿನ ಬೇಸಿಗೆ ಸೂಟಿಯಲ್ಲಿ ಅವ್ವನ ಜೊತೆ ಸುರೇಬಾನಕ್ಕೆ ಹೋಗಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಅವ್ವನ ತಮ್ಮ, ನನ್ನ ಮಾಮಾ, ಗೋವಾದ ಬಂದರಿನಲ್ಲಿ ಹಡಗು ತೊಳೆಯುವ ಕೆಲಸಕ್ಕಿದ್ದ. ಯಾವುದೋ ದೇಶದ ಖಲಾಸಿ ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯೊಂದನ್ನು ನನಗೆಂದು ತಂದಿದ್ದ. ಮುಚ್ಚಳದ ಮೇಲೆ ಒಂದು ಕಾರಿನ ಚಿತ್ರ. ಅಂಥ ಕಾರನ್ನು ನಾನು ಎಲ್ಲಿಯೂ ನೋಡಿರಲಿಲ್ಲ, ಕಿತ್ತೂರಿನ ಹೈವೇದಲ್ಲೂ ಇಲ್ಲ. ಉದ್ದ ಮೂತಿ, ಗಿಡ್ಡ ಬೆನ್ನು, ಹಿಂದಿನ ಗಾಲಿಗಳ ಮೇಲೆ ಗರಡಿಯ ಪೈಲ್ವಾನನ ಹೆಗಲಿನ ಹಾಗೆ ಉಬ್ಬಿದ ತಗಡು. ಅಮೆರಿಕದವರು ಇಂಥವಕ್ಕೆ ಮಸಲ್ ಕಾರ್ ಅನ್ನುತ್ತಾರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಮುಚ್ಚಳ ತೆಗೆದರೆ ಒಳಗೆ ಕಾರೇ ಇಲ್ಲ. ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವಕ್ಕೆ ಬಳ್ಳಿಗೆ ಕಾಯಿ ಹತ್ತಿದ ಹಾಗೆ ಹತ್ತಿಕೊಂಡ ನೂರಾರು ಚೂರು, ನಾಲ್ಕು ರಬ್ಬರ್ ಟಾಯರು, ಒಂದು ಗಾಜಿನಂಥ ತುಂಡು. ಯಾರು ಮುರಿದರು ಎಂದು ಕೇಳಿದೆ.

"ಮುರದಿಲ್ಲೋ ಹುಚ್ಚಾ, ಇನ್ನ ಕಟ್ಟಬೇಕು. ಆ ಮಂದಿ ಹಿಂಗ ಮಾರ್ತಾರ" ಎಂದ ಮಾಮಾ. "ಕುಂತ ಮಾಡೂ ಕೆಲಸಾ, ನಿನಗ ಬೇಷಾತು ಅಂತ ತಂದೇನಿ."

ರಾಮದುರ್ಗ, ಸವದತ್ತಿ ದಾಟಿ ಬೈಲಹೊಂಗಲ ಮುಟ್ಟುವ ತನಕ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಮನೆಗೆ ಕಾಲಿಟ್ಟ ಕೂಡಲೇ ಅಣ್ಣ ಅದನ್ನು ಕಸಿದುಕೊಂಡ. "ಎತ್ತಿಗ್ಯಾಕಲೇ ಕಾರ?" ಎಂದ. ನಾನು ಅವನ ಕೈ ಕಚ್ಚಿದೆ. ಅವನ ಕೂಗಿಗೆ ಪಡಸಾಲೆಯ ಗಾದಿಯ ಮೇಲೆ ಕೂತಿದ್ದ ದೊಡ್ಡಪ್ಪ ತಲೆ ಎತ್ತಿದ. ದೊಡ್ಡಪ್ಪ ಹತ್ತಿ ವ್ಯಾಪಾರಿ, ಊರಲ್ಲಿ ನಾಲ್ಕು ಮಂದಿಗೆ ನ್ಯಾಯ ಹೇಳುವವನು. ನ್ಯಾಯ ಹೇಳುವುದೆಂದರೆ ಅವನಿಗೆ ಬಲು ಖುಷಿ.

"ಅವಂಗ ಬಂದದ್ದು ಅವನ ಕಟ್ಟಲಿ" ಎಂದ. "ಮಣ್ಣೆತ್ತಿನ ಅಮಾಸಿ ತನಾ ವಾಯಿದೆ. ಕಟ್ಟಾಕ ಆಗಲಿಲ್ಲಂದ್ರ ನಿನಗ."

"ಕಟ್ಟಿದ್ರ?" ಎಂದೆ ನಾನು.

"ಕಟ್ಟಿದ್ರ ನಿಂದ."

"ಅಷ್ಟ ಅಲ್ಲ. ಕಟ್ಟಿದ್ರ ನಾ ಎತ್ತಾಗಂಗಿಲ್ಲ. ಇನ್ನ ಎಂದೂ ಆಗಂಗಿಲ್ಲ."

ಪಡಸಾಲೆಯಲ್ಲಿ ಕೂತಿದ್ದವರು ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ದೊಡ್ಡಪ್ಪ ಮೀಸೆ ಸವರಿಕೊಂಡು, "ಬರೇ ಕಟ್ಟಿದ್ರ ಸಾಲಂಗಿಲ್ಲಪಾ. ಕಾರ ಅಂದಮ್ಯಾಲ ಓಡಬೇಕು. ಹೊಸ್ತಿಲದಾಗ ಇಟ್ಟು ಒಮ್ಮಿ ದಬ್ಬತೀನಿ, ಆ ಕಂಬದ ತನಾ ಓಡಲಿ. ಓಡಿದ್ರ ನೀ ಎತ್ತಲ್ಲ. ಓಡಲಿಲ್ಲಂದ್ರ ಕಾರ ಅವಂದು, ನೀ ಬಾಯಿ ಮುಚಗೊಂಡು ಹಗ್ಗಾ ಕಟ್ಟಿಸ್ಕೋಬೇಕು" ಎಂದ. ಆಯಿ ಕೇಳಿಸಿಕೊಂಡಳು, ಅಡುಗೆಮನೆಯ ಬಾಗಿಲಲ್ಲಿ ಅವ್ವ ಕೇಳಿಸಿಕೊಂಡಳು. ಇಷ್ಟು ಮಂದಿಯೆದುರು ಆಡಿದ ಮಾತು ಸುಳ್ಳಾಗುವುದಿಲ್ಲ ಎಂದು ನಾನು ನಂಬಿದೆ.

ಅಡುಗೆಮನೆಯ ಹಿಂದಿನ ಕಟ್ಟಿಗೆ ಕೋಣೆಯಲ್ಲಿ ಕೂತೆ. ಪೆಟ್ಟಿಗೆಯಲ್ಲಿ ಹೇಗೆ ಕಟ್ಟಬೇಕೆಂದು ತೋರಿಸುವ ಒಂದು ಕಾಗದವಿತ್ತು. ಅಕ್ಷರ ಓದಲು ಬರುತ್ತಿರಲಿಲ್ಲ, ಚಿತ್ರ ನೋಡಿದರೆ ತಿಳಿಯುತ್ತಿತ್ತು. ಚೌಕಟ್ಟಿನ ಮೇಲೆ ಪ್ರತಿ ಚೂರಿಗೂ ಒಂದು ಸಂಖ್ಯೆ. ಅದೇ ಸಂಖ್ಯೆ ಚಿತ್ರದಲ್ಲಿ. ಗಡ್ಡ ಹೆರೆಯುವ ಬ್ಲೇಡಿನಿಂದ ಒಂದೊಂದೇ ಚೂರು ಕೊಯ್ದು, ಅದರ ತೊಟ್ಟನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ, ಜೋಡಿಸಬೇಕು. ಅಂಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಸೈಕಲ್ ಪಂಕ್ಚರಿನ ಸಲ್ಯೂಷನ್ ಹಚ್ಚಿ ನೋಡಿದೆ, ಬೆಳಗಾಗುವುದರೊಳಗೆ ಎಲ್ಲ ಬಿಚ್ಚಿ ಬಿದ್ದಿತ್ತು. ಸಿಟ್ಟಿಗೆ ಅವನ್ನೆಲ್ಲ ಗೋಡೆಗೆ ಒಗೆದು, ಆಮೇಲೆ ತೆವಳುತ್ತ ಹುಡುಕಿ ಆರಿಸಿಕೊಂಡೆ.

ದಾರಿ ತೋರಿಸಿದವಳು ಅವ್ವ. ಒಡೆದ ಪ್ಲಾಸ್ಟಿಕ್ ಬಕೆಟ್ಟು ಬೆಸೆಯುವವನು ನಮ್ಮ ಓಣಿಗೆ ಬರುತ್ತಿದ್ದನಲ್ಲ, ಕಾಯಿಸಿದ ಕಬ್ಬಿಣದಿಂದ ಬಿರುಕಿನ ಎರಡೂ ಅಂಚು ಕರಗಿಸಿ ಕೂಡಿಸುತ್ತಿದ್ದ. "ಹಂಗ ಮಾಡು" ಎಂದಳು. ಹತ್ತಿಯ ಅಂಡಿಗೆಗಳ, ಆ ದೊಡ್ಡ ಮೂಟೆಗಳ ಬಾಯಿ ಹೊಲಿಯುವ ದಬ್ಬಣ ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು. ರೊಟ್ಟಿ ಬೇಯಿಸುವ ಒಲೆಯ ಕೆಂಡದಲ್ಲಿ ಅವ್ವ ದಬ್ಬಣ ಕಾಯಿಸಿ ಕೊಡುತ್ತಿದ್ದಳು. ಎರಡು ಚೂರು ಕೂಡಿಸಿ ಅವಳು ಹಿಡಿಯಬೇಕು, ಸಂದಿಯ ಮೇಲೆ ನಾನು ದಬ್ಬಣ ಆಡಿಸಬೇಕು. ಕೆಂಡದಲ್ಲಿ ರೊಟ್ಟಿ ತಿರುವಿದ ಬೆರಳು ಅವು, ಬಿಸಿಗೆ ಅಂಜುತ್ತಿರಲಿಲ್ಲ. ಎಂಜಿನ್ನಿನ ಎರಡು ಹೋಳು ಕೂಡಿಸಿದ ದಿನ, ಇದರಲ್ಲಿ ಎಂಟು ಸಿಲಿಂಡರ್ ಇವೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. "ಇಷ್ಟ ಇದ್ದದ್ದಕ್ಕ ಎಂಟ್ ಹೊಟ್ಟಿ ಯಾಕೋ? ಎಷ್ಟ್ ಉಣ್ತೈತಿ ಇದು?" ಎಂದು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಆಯಿ ಪಡಸಾಲೆಯಿಂದ ಒದರುತ್ತಿದ್ದಳು. ನಾವಿಬ್ಬರೂ ಕೇಳಿಸದವರ ಹಾಗೆ ಇರುತ್ತಿದ್ದೆವು.

ಕಾರಿನ ಮೈಯನ್ನು ಒರೆಸಿ ಕಟ್ಟೆಯ ಮೇಲೆ ಇಟ್ಟು ನೀರು ಕುಡಿಯಲು ಒಳಗೆ ಹೋಗಿದ್ದೆ. ಬರುವುದರೊಳಗೆ ಅಣ್ಣ ಅದರ ಮೇಲೆ ಹಿಮ್ಮಡಿ ಇಟ್ಟು ನಿಂತಿದ್ದ. ನಾನು ನೋಡುವ ತನಕ ಕಾದು, ನೋಡಿದ ಮೇಲೆ ಒತ್ತಿದ. ಕಾರಿನ ಮಾಡಿನ ಕಂಬಗಳು ಲಟಲಟ ಮುರಿದವು, ಗಾಜಿನಂಥ ತುಂಡು ಚೂರಾಯಿತು. "ಅಯ್ಯ, ಕಾಣಲಿಲ್ಲೋ" ಎಂದ. ದೊಡ್ಡಪ್ಪನಿಗೆ ಹೇಳಿದರೆ, "ಹಾದ್ಯಾಗ ಯಾಕ ಇಟ್ಟಿದ್ದಿ?" ಎಂದು ನನಗೇ ಬೈದ. ಅವತ್ತು ನಾನು ಊಟ ಮಾಡಲಿಲ್ಲ. ಅವನು ನಿದ್ದೆ ಮಾಡುವಾಗ ಕಾಯಿಸಿದ ದಬ್ಬಣವನ್ನು ಅವನ ಹಿಮ್ಮಡಿಗೆ ಒತ್ತಿದರೆ ಹೇಗೆ ಎಂದು ಬಹಳ ಹೊತ್ತು ಯೋಚಿಸಿದೆ. ಈಗಲೂ ಒತ್ತಬೇಕಿತ್ತು ಅನ್ನಿಸುತ್ತದೆ.

ಬೆಳಗ್ಗೆ ಎದ್ದು, ಮುರಿದ ಮಾಡನ್ನು ಪೂರಾ ಕೊಯ್ದು ತೆಗೆದೆ. ತೆರೆದ ಕಾರಾಯಿತು. ಚಿತ್ರದ ಕಾರಿಗೂ ಇದಕ್ಕೂ ಇನ್ನು ಸಂಬಂಧವಿಲ್ಲ ಅಂದಮೇಲೆ ಕಾಗದದ ಮಾತು ಯಾಕೆ ಕೇಳಬೇಕು? ನನಗೆ ತಿಳಿದ ಹಾಗೆ ಮಾಡತೊಡಗಿದೆ. ಬಾನೆಟ್ಟಿನ ನಡುವೆ ತೂತು ಕೊರೆದು ಎಂಜಿನ್ನಿನ ತಲೆ ಮೇಲೆ ಕಾಣುವ ಹಾಗೆ ಮಾಡಿದೆ. ಮುಗಿದುಹೋದ ಪೆನ್ನಿನ ರೀಫಿಲ್ಲುಗಳನ್ನು ಬಿಸಿ ಮಾಡಿ ಬಗ್ಗಿಸಿ, ಎರಡೂ ಬದಿಗೆ ಹೊಗೆ ಕೊಳವೆ ಕೂಡಿಸಿದೆ. ಹಿಂದಿನ ಭಾಗವನ್ನು ಎತ್ತರಿಸಿದೆ, ಹಾರಲು ಸಜ್ಜಾದ ಹೋರಿಯ ಹಾಗೆ ಕಾಣಲಿ ಎಂದು. ಹಿಂದಿನ ಟಾಯರುಗಳಿಗೆ ಸೈಕಲ್ ಟ್ಯೂಬಿನ ತುಂಡು ಹಾಕಿ ಅಗಲ ಮಾಡಿದೆ. ಹಳೆಯ ಕ್ಯಾಲಿಪರಿನ ಚರ್ಮದ ಪಟ್ಟಿ ಕೊಯ್ದು ಸೀಟಿಗೆ ಹೊದಿಸಿದೆ. ಒಳಗೆ ಕಾಲಿಡುವಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಮೂರು ಪೆಡಲು ಇದ್ದವು. ಎಡಗಾಲಿಂದ ಒತ್ತುವುದು ಕ್ಲಚ್ ಎಂದು ದೊಡ್ಡಪ್ಪನ ಜೀಪಿನ ಡ್ರೈವರ್ ಹೇಳಿದ್ದ. ಅದೊಂದನ್ನು ಬ್ಲೇಡಿನಿಂದ ಕೊಯ್ದು ಒಗೆದೆ. ನನ್ನ ಕಾರಿನಲ್ಲಿ ಎಡಗಾಲಿಗೆ ಕೆಲಸವಿರುವುದಿಲ್ಲ ಎಂದು ಅವ್ವನಿಗೆ ತೋರಿಸಿದೆ. ಅವಳು ನೋಡಿದಳು, ನನ್ನ ತಲೆ ಸವರಿ ಎದ್ದುಹೋದಳು.

ಗಾಲಿಯೇ ಬಹಳ ಕಾಡಿದ್ದು. ಪೆಟ್ಟಿಗೆಯಲ್ಲಿದ್ದ ತಂತಿಯ ಅಚ್ಚುಗಳು ಜಂಗು ಹಿಡಿದಿದ್ದವು. ಸೈಕಲ್ ಕಡ್ಡಿ ಕೊಯ್ದು ಬೇರೆ ಅಚ್ಚು ಮಾಡಿದೆ. ಅದನ್ನು ಗಾಲಿಗೆ ಬೆಸೆಯುವಾಗ ಒಂದು ಕೂದಲೆಳೆ ಆಚೀಚೆಯಾದರೂ ಗಾಲಿ ಕುಣಿಯುತ್ತಿತ್ತು. ಬೆಸೆ, ಬಿಡಿಸು, ಮತ್ತೆ ಬೆಸೆ. ಎಡಗಡೆಯ ಮುಂದಿನ ಗಾಲಿ ಕೊನೆಗೂ ನೆಟ್ಟಗೆ ಕೂತಾಗ ಅದನ್ನು ಹಿಡಿದಿದ್ದ ಅವ್ವನ ಹೆಬ್ಬೆರಳಿನಲ್ಲಿ ಬೊಬ್ಬೆ ಬಂದಿತ್ತು. ಅಚ್ಚಿಗೆ ಕೊಬ್ಬರಿ ಎಣ್ಣೆ ಬಿಟ್ಟು ಊದಿದರೆ ಗಾಲಿ ತಿರುಗುತ್ತಿತ್ತು.

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಕೆಂಪು ಬಣ್ಣ ಡಬ್ಬಿಯ ತಳದಲ್ಲಿತ್ತು. ಅದನ್ನೇ ಹಚ್ಚಿದೆ. ಮೊದಲ ಸಲ ದಪ್ಪನಾಗಿ ಇಳಿಯಿತು. ಒರೆಸಿ, ತೆಳುವಾಗಿ ಮತ್ತೆ ಹಚ್ಚಿದೆ. ಹತ್ತಿ ವ್ಯಾಪಾರದ ಮನೆ ನಮ್ಮದು, ಗಾಳಿಯಲ್ಲೇ ಹತ್ತಿಯ ಎಳೆ ಹಾರಾಡುತ್ತಿರುತ್ತವೆ. ಹಸಿ ಬಣ್ಣದ ಮೇಲೆ ಅವು ಕೂತರೆ ಕಾರಿಗೆ ಕೂದಲು ಬಂದ ಹಾಗೆ ಕಾಣುತ್ತಿತ್ತು. ಅವ್ವ ರೊಟ್ಟಿಯ ಬುಟ್ಟಿ ತಂದು ಅದರ ಮೇಲೆ ಬೋರಲು ಹಾಕಿದಳು. ಆ ದಿನ ಎಲ್ಲರ ರೊಟ್ಟಿಯೂ ತಾಟಿನಲ್ಲೇ ಆರಿದವು. ಯಾಕೆಂದು ಆಯಿ ಕೇಳಿದರೆ, ಬುಟ್ಟಿ ತೊಳೆದು ಒಣಗಲು ಹಾಕಿದ್ದೇನೆ ಎಂದು ಸುಳ್ಳು ಹೇಳಿದಳು. ನಮ್ಮ ಅವ್ವ ನನಗಾಗಿ ಅತ್ತೆಗೆ ಸುಳ್ಳು ಹೇಳಿದ್ದು ಅದೊಂದೇ ಸಲ.

ಅಮಾವಾಸ್ಯೆಯ ದಿನ ದೇವರ ಜಗುಲಿಯ ಮುಂದೆ ಮಣ್ಣಿನ ಎತ್ತುಗಳ ಪೂಜೆಯಾಯಿತು. ಹೋಳಿಗೆ ಉಂಡ ಮೇಲೆ ದೊಡ್ಡಪ್ಪ, "ತಾರೋ ನಿನ್ನ ಕಾರ, ನೋಡೂಣು" ಎಂದ. ತಂದು ಕೊಟ್ಟೆ. ಅವನು ಅದನ್ನು ತಿರುವಿ ಮುರುವಿ ನೋಡಿದ. ಹೊಸ್ತಿಲ ಬಳಿ ಇಟ್ಟು, ಬೇಕೆಂದೇ ಮೆಲ್ಲಗೆ, ಎರಡು ಬೆರಳಿಂದ ದಬ್ಬಿದ. ಕಾರು ಸದ್ದಿಲ್ಲದೆ ಹೊರಟಿತು, ಕಂಬ ದಾಟಿತು, ಎದುರು ಗೋಡೆಗೆ ಮೂತಿ ತಾಗಿಸಿ ನಿಂತಿತು. "ಓಡ್ತಲ್ಲೋ ಮಗನ" ಎಂದ ದೊಡ್ಡಪ್ಪ. ಆಯಿ ಕಾರಿನ ಮೂತಿಗೆ ವಿಭೂತಿ ಹಚ್ಚಿ ಎತ್ತುಗಳ ಪಕ್ಕಕ್ಕಿಟ್ಟಳು. ಅಣ್ಣ, "ಆತ್ ಬಿಡ, ನೀ ಬರಬ್ಯಾಡ" ಎಂದು ಹೊರಗೆ ಹೋದ. ಅವ್ವ ಕಾರನ್ನು ಹಳೆಯ ಸೀರೆಯಲ್ಲಿ ಸುತ್ತಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ನನಗೆ ಅಷ್ಟು ಸಂತೋಷ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೆಯೂ ಆಗಿದ್ದು ಕಡಿಮೆ.

ಮರುದಿನ ಬೆಳಗ್ಗೆ ಹುಡುಗರು ಅಂಗಳಕ್ಕೆ ಬಂದರು. ಅವರ ಕೈಯಲ್ಲಿ ಹಗ್ಗವಿತ್ತು, ಗಂಟೆಯಿತ್ತು. ಕಾಲು ಮುರಿದ ಮಣ್ಣಿನ ಎತ್ತು ಮಣೆಯ ಮೇಲಿರಲಿಲ್ಲ.

"ನಡೀಲೇ" ಎಂದ ಅಣ್ಣ.

"ಕಾರ ಓಡೈತಿ. ನಾ ಎತ್ತಲ್ಲ" ಎಂದೆ.

"ಓಡ್ತೋ, ಯಾರ್ ಇಲ್ಲಂದ್ರು? ಆದ್ರ ಮಂದಿ ಕಾಯಾಕ ಹತ್ತ್ಯಾರ. ಮಣ್ಣಿಂದು ಒಯ್ದ್ರ ಮಾರಿ ಮ್ಯಾಲ ಒಂದ್ ಹಿಡಿ ಒಗೀತಾರ."

ನಾನು ದೊಡ್ಡಪ್ಪನ ಕಡೆ ನೋಡಿದೆ. ನ್ಯಾಯ ಹೇಳಿದವನು ಅವನೇ ಅಲ್ಲವೇ. ಅವನು ಚಹಾ ಬಸಿಗೆ ಹಾಕಿಕೊಂಡು ಕುಡಿಯುತ್ತಿದ್ದ. "ಕಾರ ಹೆಂಗೂ ನಿಂದ ಆತಲ್ಲಪಾ" ಎಂದ. "ಇದೊಂದ್ ವರ್ಷ ಹೋಗಿ ಬಾ. ವರ್ಷಕ್ಕೊಮ್ಮಿ ಬರೂದು, ಹುಡುಗರ ಸಂತೋಷ ಕೆಡಸಬ್ಯಾಡ." ಆಯಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು, ಕಣ್ಣು ತೆರೆಯಲಿಲ್ಲ.

ನಾನು ಕಂಬ ತಬ್ಬಿಕೊಂಡೆ. ಇಬ್ಬರು ತೋಳು ಎಳೆದರು, ಅಣ್ಣ ಕಾಲ ಬಳಿ ಕೂತು ಬಕಲು ಬಿಚ್ಚತೊಡಗಿದ. ನಾನು ಬಾಯಿಗೆ ಬಂದ ಹಾಗೆ ಬೈದೆ. ದೊಡ್ಡಪ್ಪನಿಗೂ ಬೈದೆ, ಆ ಮನೆಯಲ್ಲಿ ಯಾರೂ ಅವನಿಗೆ ಅನ್ನದ ಮಾತು ಅಂದೆ. ಅವನು ನಕ್ಕ. ಮೊದಲ ಬಕಲು ಬಿಚ್ಚಿತು, ಎರಡನೆಯದು ಬಿಚ್ಚಿತು. ಬೂಟು ಕಳಚಿದ ಮೇಲೆ ನಾನು ನಿಲ್ಲಲಾರೆ, ಕಂಬದ ಬುಡಕ್ಕೆ ಕುಸಿದೆ. ಕೊರಳಿಗೆ ಹಗ್ಗ ಬಿತ್ತು.

ಆಗ ಅವ್ವ ಅಡುಗೆಮನೆಯಿಂದ ಬಂದಳು. ಕೈಯೆಲ್ಲ ಜೋಳದ ಹಿಟ್ಟು. ಆ ಹಿಟ್ಟಿನ ಕೈಯಲ್ಲಿ ಕಾರು ಹಿಡಿದಿದ್ದಳು. "ತಮ್ಮಾ, ಅವನ್ನ ಬಿಡು" ಎಂದಳು ಅಣ್ಣನಿಗೆ. "ಅವನ ಬದಲಿ ಇದನ್ನ ಒಯ್ಯಿ. ಓಣಿ ಮಂದಿ ಯಾರೂ ಇಂಥಾದ್ದು ನೋಡಿಲ್ಲ, ಛಲೋ ನೀಡ್ತಾರ."

ಅಣ್ಣ ಹಗ್ಗ ಬಿಟ್ಟು ಕಾರು ತೆಗೆದುಕೊಂಡ. ಅವನ ಕಣ್ಣು ಹೊಳೆದದ್ದು ಕಂಡೆ. ಗಾಲಿಯನ್ನು ಬೆರಳಿಂದ ತಿರುವಿದ, ಅದು ತಿರುಗಿತು. "ಇದೆಲ್ಲಿ ಕುಂಟೈತಿ ಕಾಕು?" ಎಂದ, ನನ್ನನ್ನೇ ನೋಡುತ್ತ. "ನಾಕೂ ಗಾಲಿ ಬರೋಬ್ಬರಿ ಅದಾವು. ಕುಂಟೆತ್ತ ಅಂತ ಹೆಂಗ ಹೇಳೂದು? ಮಂದಿ ನಗತಾರ."

ಅವ್ವ ಅವನ ಕೈಯಿಂದ ಕಾರು ವಾಪಸು ತೆಗೆದುಕೊಂಡಳು. ಬೇಡವ್ವಾ ಎಂದೆ ನಾನು. ಅವಳು ನನ್ನ ಕಡೆ ನೋಡಲಿಲ್ಲ. ಎಡಗಡೆಯ ಮುಂದಿನ ಗಾಲಿಯನ್ನು ಹಿಡಿದು ಎಳೆದಳು. ಬೆಸುಗೆ ಗಟ್ಟಿಯಿತ್ತು, ಬರಲಿಲ್ಲ. ಕಾರನ್ನು ಹೊಟ್ಟೆಗೆ ಒತ್ತಿ ಹಿಡಿದು, ಹಲ್ಲು ಕಚ್ಚಿ, ಎರಡೂ ಕೈಯಿಂದ ತಿರುವಿದಳು. ಸೈಕಲ್ ಕಡ್ಡಿ ಬಾಗಿತು, ಆಮೇಲೆ ಟಪ್ ಎಂದಿತು. ಗಾಲಿ ನನ್ನ ತನಕ ಉರುಳಿ ಬಂತು. ಮೂರು ಗಾಲಿಯ ಕಾರನ್ನು ಅವಳು ಮಣೆಯ ಮೇಲಿಟ್ಟಳು. ಅದು ಒಂದು ಬದಿಗೆ ವಾಲಿ ನಿಂತಿತು.

"ಈಗ ಕುಂಟಾತು" ಎಂದಳು.

ದೊಡ್ಡಪ್ಪ ಬಸಿ ಕೆಳಗಿಟ್ಟು ತೊಡೆ ಬಡಿದುಕೊಂಡು ನಕ್ಕ. "ನಮ್ಮ ಸಣ್ಣ ಸೊಸಿ ಭಾಳ ಶ್ಯಾಣ್ಯಾಕಿ ಅದಾಳ ನೋಡು" ಎಂದ. ಆ ಮನೆಗೆ ಬಂದಾಗಿನಿಂದ ಅವನು ಅವ್ವನನ್ನು ಹೊಗಳಿದ್ದು ಅದೇ ಮೊದಲು. ಅವಳು ಸೆರಗು ತಲೆಯ ಮೇಲೆಳೆದುಕೊಂಡಳು. ಹುಡುಗರು ಹೋ ಎಂದು ಕೂಗುತ್ತ ಮಣೆ ಎತ್ತಿಕೊಂಡು ಹೋದರು. ಓಣಿಯ ಈ ತುದಿಯಿಂದ ಆ ತುದಿಯ ತನಕ ನಗೆ ಕೇಳಿಸುತ್ತಿತ್ತು. ಕಾರಿನ ಸೀಟು ತುಂಬ, ಎಂಜಿನ್ನಿನ ಮೇಲೆಲ್ಲ ಜೋಳ ಸುರಿದಿದ್ದರಂತೆ. ಸಂಜೆಗೆ ಹಾಳು ಬಾವಿಗೆ ಒಗೆದು ಬಂದರು.

ಅವ್ವ ನನ್ನ ಮುಂದೆ ಕೂತು ಕ್ಯಾಲಿಪರ್ ಕಟ್ಟತೊಡಗಿದಳು. ಒಂದೊಂದೇ ಬಕಲು ಹಾಕಿದಳು. ಅವಳ ಹೆಬ್ಬೆರಳಿನ ಬೊಬ್ಬೆ ಒಡೆದು ಹಿಟ್ಟಿನಲ್ಲಿ ರಕ್ತ ಕಲೆತಿತ್ತು. ನಾನು ಅಳುತ್ತಿರಲಿಲ್ಲ. ನನ್ನ ಸಿಟ್ಟು ದೊಡ್ಡಪ್ಪನ ಮೇಲಿರಲಿಲ್ಲ, ಅಣ್ಣನ ಮೇಲೂ ಇರಲಿಲ್ಲ. ಅವರು ಎಂಥವರೆಂದು ನನಗೆ ಗೊತ್ತಿತ್ತು. ಆ ಕಾರಿನ ಒಂದೊಂದು ಚೂರನ್ನೂ ಬೆರಳು ಸುಟ್ಟುಕೊಂಡು ಹಿಡಿದವಳು ಇವಳು. ಅದನ್ನು ಮುರಿಯಲು ಇವಳಿಗೆ ಹೇಗೆ ಕೈ ಬಂತು?

"ಮುಂದಿನ ವರ್ಷಕ್ಕ ಇನ್ನೊಂದ ಕಟ್ಟಿಡು" ಎಂದಳು, ಮೇಲಕ್ಕೆ ನೋಡದೆ. "ಮಾಮಾಗ ಹೇಳತೇನಿ, ತರತಾನ."

ಮಾಮಾ ತಂದ. ಮರು ಬೇಸಿಗೆಯಲ್ಲಿ ಸುರೇಬಾನಕ್ಕೆ ಹೋದಾಗ ಮೊದಲಿನದಕ್ಕಿಂತ ದೊಡ್ಡ ಪೆಟ್ಟಿಗೆ, ನೀಲಿ ಕಾರಿನ ಚಿತ್ರ. ಮುಚ್ಚಳ ಕೂಡ ತೆಗೆಯದೆ ತಂದು ಅಣ್ಣನ ಕೈಗೆ ಕೊಟ್ಟೆ. ಅದನ್ನರಿಯದ ಅವ್ವ, ದಬ್ಬಣ ಕಾಯಿಸಲೇ ಎಂದು ಎರಡು ಮೂರು ಸಲ ಕೇಳಿದಳು. ನಾನು ಎದ್ದು ಹೊರಗೆ ಹೋದೆ. ಮಣ್ಣೆತ್ತಿನ ಅಮಾಸಿಯ ಮರುದಿನ ಹುಡುಗರು ಬರುವ ಮೊದಲೇ ಅಂಗಳದಲ್ಲಿ ಕೂತು ಬಕಲುಗಳನ್ನು ನಾನೇ ಬಿಚ್ಚಿದೆ. ಹಗ್ಗ ತಂದಾಗ ಕೊರಳು ಕೊಟ್ಟೆ. ಅಣ್ಣನೇ ಒಂದು ಕ್ಷಣ ಗಾಬರಿಯಾದ. ಓಣಿ ಪೂರ್ತಿ ತೆವಳಿದೆ, ತುದಿಯ ಮನೆಗೂ ಹೋದೆ. ಕೊನೆಗೆ ನಮ್ಮ ಬಾಗಿಲಿಗೆ ಬಂದಾಗ ಆಯಿ ಮೊರದ ತುಂಬ ಜೋಳ ತಂದು ನಿಂತಿದ್ದಳು.

"ನೀ ಬ್ಯಾಡ ಆಯಿ. ಅವ್ವ ನೀಡ್ಲಿ" ಎಂದೆ.

ಆಯಿ ಒಳಗೆ ನೋಡಿ ಕರೆದಳು. ಅವ್ವ ಬರಲು ಬಹಳ ಹೊತ್ತು ತೆಗೆದುಕೊಂಡಳು. ಬಂದು, ಬಾಗಿ, ನನ್ನ ಹಣೆಗೆ ಕುಂಕುಮ ಹಚ್ಚಿ, ಜೋಳ ನೀಡಿದಳು.